ಹೊನ್ನುಹೊಳೆ ದಂಡೆಯ ಬುತ್ತಿ

ಐವತ್ತಾರರಲ್ಲಿ ನಮ್ಮ ಕೊಳ್ಳೇಗಾಲ ತಾಲ್ಲೂಕನ್ನು ಮದರಾಸಿನಿಂದ ಬಿಡಿಸಿ ಮೈಸೂರಿಗೆ ಸೇರಿಸಿದಾಗ ನಾನು ಕೊಯಮತ್ತೂರಿನಲ್ಲಿ ಬಿ.ಎ. ಓದುತ್ತಿದ್ದೆ. ಹಿಂದಿನ ದಿನದವರೆಗೂ ಕೊಯಮತ್ತೂರು ನಮ್ಮ ಜಿಲ್ಲೆಯ ಊರು. ಬೆಳಗಾಗುವುದರೊಳಗೆ ಪರರಾಜ್ಯದ ಊರಾಗಿಬಿಟ್ಟಿತ್ತು. ಕಾಲೇಜಿನಲ್ಲಿ ನನ್ನ ಪಕ್ಕ ಕೂರುತ್ತಿದ್ದ ಗೆಳೆಯನಿಗೆ ಇದು ದೊಡ್ಡ ತಮಾಷೆ. ದಿನಾ ಬೆಳಿಗ್ಗೆ ಕ್ಲಾಸಿನ ಬಾಗಿಲಲ್ಲಿ ನನ್ನನ್ನು ತಡೆದು, "ಏನ್ಡಾ ಪರದೇಶಿ, ಪಾಸ್‌ಪೋರ್ಟ್ ತಂದಿದ್ದೀಯಾ?" ಎನ್ನುತ್ತಿದ್ದ. ನಾವಿಬ್ಬರೂ ಆಡುತ್ತಿದ್ದುದು ತಮಿಳು. ಅವನ ಮಾತನ್ನು ಇಲ್ಲಿ ಕನ್ನಡಕ್ಕೆ ತಂದಿದ್ದೇನೆ, ಆ 'ಡಾ' ಒಂದನ್ನು ಬಿಡಲು ಮನಸ್ಸಾಗಲಿಲ್ಲ.

ಅವನ ಅಪ್ಪ ಹತ್ತಿ ಗಿರಣಿಯ ಕೆಲಸಗಾರ. ಗಿರಣಿಯ ಹಿಂದಿನ ಸಾಲುಮನೆಗಳಲ್ಲೊಂದು ಅವರದು. ಮೂರು ವರ್ಷ ನನಗೆ ಭಾನುವಾರದ ಊಟ ಅಲ್ಲೇ. ಅವರು ಮಾಂಸ ತಿನ್ನುವವರು. ನಾನು ತಿನ್ನುವುದಿಲ್ಲ ಎಂದು ತಿಳಿದ ಮರುವಾರವೇ ಅವನ ತಾಯಿ ನನಗೆಂದು ಒಂದು ಹೊಸ ಮಡಕೆ, ಒಂದು ಹೊಸ ಸೌಟು ತಂದು ಬೇರೆ ಇಟ್ಟರು. ಆ ಮಡಕೆಯ ಬೇಳೆಸಾರನ್ನು ನನಗೆ ಬಡಿಸಿ, ಮಗನನ್ನೂ ನನ್ನ ಮಗ್ಗುಲಲ್ಲೇ ಕೂರಿಸಿ ಅವನಿಗೂ ಅದನ್ನೇ ಬಡಿಸುತ್ತಿದ್ದರು. ವಾರಕ್ಕೊಂದು ದಿನ ಮೀನು ಬೇಯುವ ಮನೆಯಲ್ಲಿ ನನ್ನ ದೆಸೆಯಿಂದ ಅವನಿಗೆ ಬೇಳೆಸಾರು. "ನಿನ್ನ ಸಹವಾಸದಲ್ಲಿ ನಾನೂ ಸನ್ಯಾಸಿ ಆದೆ" ಎಂದು ಗೊಣಗುತ್ತಲೇ ಎರಡನೇ ಸಲ ಹಾಕಿಸಿಕೊಳ್ಳುತ್ತಿದ್ದ.

ನಮ್ಮದು ಲಿಂಗ ಕಟ್ಟುವ ಮನೆ. ಮಗು ಹುಟ್ಟಿದ ಕೆಲವೇ ದಿನಕ್ಕೆ ಕಟ್ಟಿದ ಲಿಂಗ ಸಾಯುವತನಕ ಮೈಮೇಲಿಂದ ಇಳಿಯಬಾರದು. ಬೆಳ್ಳಿಯ ಪುಟ್ಟ ಕರಡಿಗೆಯೊಳಗೆ ಅದನ್ನಿಟ್ಟು, ಶಿವದಾರ ಪೋಣಿಸಿ ಕೊರಳಿಗೆ ಹಾಕಿಕೊಳ್ಳುತ್ತೇವೆ. ಅಕಸ್ಮಾತ್ ಅದು ಕಳೆದುಹೋದರೆ, ಗುರುಗಳ ಕೈಯಿಂದ ಇನ್ನೊಂದನ್ನು ಕಟ್ಟಿಸಿಕೊಳ್ಳುವವರೆಗೆ ಹನಿ ನೀರನ್ನೂ ಬಾಯಿಗೆ ಹಾಕಬಾರದು. ನಮ್ಮಲ್ಲಿ ಇದನ್ನು ಯಾರೂ ಕೂರಿಸಿಕೊಂಡು ಹೇಳಿಕೊಡುವುದಿಲ್ಲ, ಎಲ್ಲರಿಗೂ ಗೊತ್ತಿರುತ್ತದೆ ಅಷ್ಟೆ.

ಆದರೆ ಕೊಯಮತ್ತೂರಿನಲ್ಲಿ ನಾನು ಬೇರೆಯೇ ಮನುಷ್ಯ. ಎರಡು ಪುಸ್ತಕ ಓದಿ, ನಾಲ್ಕು ಭಾಷಣ ಕೇಳಿ ತಲೆಗೆ ಕೊಂಬು ಬಂದಿತ್ತು. ಗೆಳೆಯರ ಮುಂದೆ ಕರಡಿಗೆಯನ್ನು ಬೆರಳಲ್ಲಿ ಆಡಿಸುತ್ತಾ, "ಇದೊಂದು ಕಲ್ಲು ಕಣ್ರೋ. ನಮ್ಮವ್ವನ ಸಮಾಧಾನಕ್ಕೆ ಕಟ್ಟಿಕೊಂಡಿದ್ದೀನಿ" ಎನ್ನುತ್ತಿದ್ದೆ. ಎಲ್ಲರಿಗಿಂತ ಹೆಚ್ಚಾಗಿ ನನ್ನನ್ನು ಮೆಚ್ಚಿಕೊಳ್ಳುತ್ತಿದ್ದವನು ಅವನೇ. ಅವನ ಮನೆಯಲ್ಲಿ ದೇವರು ದಿಂಡರು ಜಾಸ್ತಿ, ನನ್ನಷ್ಟು ಧೈರ್ಯ ತನಗಿಲ್ಲ ಎಂದು ಅವನು ನಿಜವಾಗಿಯೂ ನಂಬಿದ್ದ.

ಓದು ಮುಗಿಸಿ ನಾನು ಹನೂರಿನ ಶಾಲೆಯಲ್ಲಿ ಮೇಷ್ಟರಾದೆ. ಮನೆ ಕಾಮಗೆರೆಯಲ್ಲಿ, ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ತಾಲ್ಲೂಕು ಮೈಸೂರಿಗೆ ಸೇರಿ ಮೂರೋ ನಾಲ್ಕೋ ವರ್ಷವಾಗಿದ್ದ ಒಂದು ಕಾರ್ತಿಕದಲ್ಲಿ ಅವನ ಕಾಗದ ಬಂತು. ಉತ್ತರದ ಕಡೆ ಯಾವುದೋ ಉಕ್ಕಿನ ಕಾರ್ಖಾನೆಯಲ್ಲಿ ಅವನಿಗೆ ಕೆಲಸ ಸಿಕ್ಕಿತ್ತು. ರೈಲಿನಲ್ಲಿ ಮೂರು ದಿನದ ದಾರಿ, ಒಮ್ಮೆ ಹೋದರೆ ಯಾವಾಗ ಬರುವುದೋ ಗೊತ್ತಿಲ್ಲ. "ಹೋಗುವ ಮುಂಚೆ ನಿನ್ನ ಪರದೇಶ ನೋಡಬೇಕು. ನಿನ್ನ ಅವ್ವನ ಕೈಯಡುಗೆ ಉಣ್ಣಬೇಕು" ಎಂದು ಬರೆದಿದ್ದ. ಓದಿ ಕುಣಿದಾಡುವಷ್ಟು ಸಂತೋಷವಾಯಿತು. ಅವನನ್ನು ನಮ್ಮ ಮನೆಯಲ್ಲಿ ಎಲ್ಲಿ ಕೂರಿಸಿ ಉಣ್ಣಲು ಇಡುತ್ತೇವೆ ಎನ್ನುವುದು ಹೊಳೆದದ್ದು ಆಮೇಲೆ.

ಅವನು ಬಂದಿಳಿದಾಗ ಜಾತಿ ಯಾವುದು ಎಂದು ಅವ್ವ ಕೇಳಲೇ ಇಲ್ಲ. ಕೊರಳಲ್ಲಿ ಲಿಂಗವಿಲ್ಲ ಎನ್ನುವುದನ್ನು ನೋಡಿದಳು, ಅಷ್ಟೇ ಸಾಕಾಯಿತು. ಲಿಂಗವಿಲ್ಲದವರ ಕಣ್ಣೆದುರು ನಾವು ಉಣ್ಣುವುದಿಲ್ಲ. ಬ್ರಾಹ್ಮಣ ಬಂದರೂ ಅಷ್ಟೆ, ಅಮಲ್ದಾರ ಬಂದರೂ ಅಷ್ಟೆ. ಅವನಿಗೆ ಜಗಲಿಯ ಮೇಲೆ ಮಣೆ ಹಾಕಿ, ಎಲೆ ಹಾಕಿ, ಅವ್ವ ತುಂಬ ಪ್ರೀತಿಯಿಂದಲೇ ಬಡಿಸಿದಳು. ತುಪ್ಪ ಹಾಕುವಾಗ ಕೈ ಹಿಡಿತ ಮಾಡಲಿಲ್ಲ. ಅವನು ಉಂಡು ಕೈ ತೊಳೆದು ಬೀದಿಯ ಕಡೆ ಹೋದಮೇಲೆ ನಾನು ಒಳಗೆ ಕೂತು ಉಣ್ಣಬೇಕು. ಮೊದಲ ದಿನ ಅವನು ಉಂಡ ಎಲೆಯನ್ನು ತಾನೇ ಮಡಚಿ ಆಚೆ ಹಾಕಲು ಎದ್ದ. ಅವ್ವ ಬೇಡವೆನ್ನಲಿಲ್ಲ. ನಾನೂ ಬೇಡವೆನ್ನಲಿಲ್ಲ.

ಐದು ದಿನ ಹೀಗೇ ನಡೆಯಿತು. ಹನೂರಿನ ಶಾಲೆಗೆ ಕರೆದುಕೊಂಡು ಹೋದೆ, ಹುಡುಗರಿಂದ ಅವನಿಗೆ "ನಮಸ್ಕಾರ ಸಾ" ಹೇಳಿಸಿದೆ, ಕೆರೆ ಏರಿ ಸುತ್ತಿಸಿದೆ. ಅವನು ಎಲ್ಲವನ್ನೂ ಖುಷಿಯಿಂದ ನೋಡಿದ. ಊಟದ ಹೊತ್ತಿಗೆ ಮಾತ್ರ ಇಬ್ಬರಿಗೂ ಮಾತು ಹೊರಡುತ್ತಿರಲಿಲ್ಲ. ಮೂರನೇ ದಿನ ನಾನೇ ತಡೆಯಲಾರದೆ, "ಅವ್ವ ಹಳೇ ಕಾಲದವಳು" ಎಂದೆ. "ಗೊತ್ತು ಬಿಡೋ. ಅವರ ಮನೆ, ಅವರ ಪದ್ಧತಿ" ಎಂದ. ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ, ತಪ್ಪನ್ನೆಲ್ಲ ಅವ್ವನ ಮೇಲೆ ಹಾಕಲು ಆಯಿತಲ್ಲ ಎಂದು ಸಮಾಧಾನವೂ ಆಯಿತು. ಇದನ್ನು ಈಗ ಒಪ್ಪಿಕೊಳ್ಳುತ್ತಿದ್ದೇನೆ.

ಕೊನೆಯ ದಿನ ಕೊಳ್ಳೇಗಾಲ, ಯಳಂದೂರು ತೋರಿಸಿ, ಸಾಯಂಕಾಲ ಐದರ ಸತ್ಯಮಂಗಲದ ಬಸ್ಸಿಗೆ ಹತ್ತಿಸುವುದೆಂದು ಮಾತಾಗಿತ್ತು. ಬೆಳಗಿನ ಜಾವಕ್ಕೇ ಎದ್ದು ಅವ್ವ ಬುತ್ತಿ ಕಟ್ಟಿದಳು. ಚಿತ್ರಾನ್ನ, ಮೊಸರನ್ನ, ಕಜ್ಜಾಯ, ಮೇಲೊಂದು ಅಗಲವಾದ ಬಾಳೆಯೆಲೆ. ಗಂಟನ್ನು ನನ್ನ ಕೈಗೆ ಕೊಡುವಾಗ ಸುತ್ತ ನೋಡಿ ಮೆಲ್ಲಗೆ ಹೇಳಿದಳು: "ಒಂದೇ ಗಂಟು ಕಟ್ಟಿವ್ನಿ ಕಣ್ಲಾ. ಒಳೆತಾವು ಯಾರ್ ನೋಡಾರು? ಇಬ್ರೂ ಒಟ್ಗೆ ಕುಂತ್ಕಂಡು ಉಣ್ಣಿ. ಆ ಮಗ ಒಬ್ನೇ ಉಣ್ಣಾದ ನೋಡಿ ನೋಡಿ ನಂಗೂ ಸಾಕಾಗದೆ."

ನಾನು ಬೆರಗಾಗಿ ನಿಂತೆ. ಅವಳು ಆಗಲೇ ಬೇರೆ ಮಾತಿಗೆ ಹೋಗಿದ್ದಳು. "ನಿನ್ ಸಿವದಾರ ನವ್ದೋಗದೆ. ಗೂಡಲ್ಲಿ ಒಸಾದು ಮಡ್ಗಿವ್ನಿ, ಬದ್ಲಾಯ್ಸ್ಕಂಡು ಓಗು."

ಆ ದಾರ ಸವೆದಿದೆಯೆಂದು ಅವಳು ಹೇಳಲು ತೊಡಗಿ ತಿಂಗಳಾಗಿತ್ತು. "ನಾಳಿಕ್ ಬದ್ಲಾಯ್ಸ್ಕತೀನಿ ಬುಡವ್ವ, ಬಸ್ ಓಯ್ತದೆ" ಎಂದು ಹೊರಟುಬಿಟ್ಟೆ. ದಾರ ಬದಲಾಯಿಸುವುದು ಎರಡು ನಿಮಿಷದ ಕೆಲಸ.

ಹನೂರಿನಿಂದ ಬರುವ ಮೊದಲ ಬಸ್ಸಿನಲ್ಲಿ ಕೊಳ್ಳೇಗಾಲಕ್ಕೆ ಹೋದೆವು. ದಾರಿಯಲ್ಲೇ ಅವನಿಗೆ ಹೇಳಿದೆ: "ಇವತ್ತು ಅವ್ವ ಒಂದೇ ಎಲೆ ಕಟ್ಟಿದ್ದಾಳೆ. ಮಧ್ಯಾಹ್ನ ಇಬ್ಬರೂ ಒಟ್ಟಿಗೆ ಉಣ್ಣೋದು." ಅವನು ನನ್ನ ಮುಖವನ್ನೇ ಒಂದು ಗಳಿಗೆ ನೋಡಿದ. "ನಿಜವಾಗ್ಲೂ ಅಮ್ಮ ಹೇಳಿದ್ರಾ?" ಎಂದ. ಹೌದು ಎಂದೆ. ಅಲ್ಲಿಂದಾಚೆಗೆ ಅವನ ಬಾಯಿ ಬಿಚ್ಚಿತು ನೋಡಿ, ಐದು ದಿನದಿಂದ ಕಟ್ಟಿಟ್ಟಿದ್ದ ಮಾತೆಲ್ಲ ಆಚೆ ಬಂತು. ಕಾಲೇಜಿನ ಹಳೆಯ ಗುರುಗಳನ್ನು ಅಣಕಿಸಿದ, ನನ್ನ ತಮಿಳನ್ನು ಆಡಿಕೊಂಡ, ಬಸ್ಸಿನ ಕಂಡಕ್ಟರನ ಹತ್ತಿರ ತನಗೆ ಬಂದ ಹರಕು ಕನ್ನಡದಲ್ಲಿ ಟಿಕೆಟ್ ಕೇಳಿ ಎಲ್ಲರನ್ನೂ ನಗಿಸಿದ.

ಕೊಳ್ಳೇಗಾಲದಲ್ಲಿ ಅವನ ಟ್ರಂಕನ್ನು ಬಸ್ ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಇರಿಸಿ, ರೇಷ್ಮೆ ನೇಯುವವರ ಬೀದಿಗೆ ಕರೆದುಕೊಂಡು ಹೋದೆ. ಮನೆಮನೆಯೊಳಗಿಂದಲೂ ಮಗ್ಗದ ಸದ್ದು. ಅವನು ಒಂದು ಕಿಟಕಿಯ ಹತ್ತಿರ ಬಹಳ ಹೊತ್ತು ನಿಂತ. "ನಮ್ಮಪ್ಪ ಮೂವತ್ತು ವರ್ಷ ಗಿರಣಿಯ ಸದ್ದಲ್ಲೇ ಕಿವಿ ಕಳೆದುಕೊಂಡ. ಇಲ್ಲಿ ಮಗ್ಗದ ಮುಂದೆ ಕೂತು ಮಾತಾಡಿಕೊಂಡು ನೇಯಬಹುದಲ್ಲೋ" ಎಂದ. ಒಳಗಿದ್ದ ಮುದುಕರು ನಮ್ಮನ್ನು ನೋಡಿ, "ಯಾವೂರಪ್ಪ?" ಎಂದರು. "ಕೊಯಮತ್ತೂರು" ಎಂದದ್ದೇ ತಡ, ಅವರು ಚೆಂದದ ತಮಿಳಿನಲ್ಲಿ ಶುರುಮಾಡಿಕೊಂಡರು. ಹಿಂದೆ ಕೋರ್ಟು ಕಚೇರಿಗೆಲ್ಲ ಅಲ್ಲಿಗೇ ಹೋಗುತ್ತಿದ್ದವರು. ಬೋರ್ಡುಗಳಲ್ಲಿ ಕನ್ನಡ ಬಂದಿತ್ತು, ಜನರ ನಾಲಗೆ ಇನ್ನೂ ಎರಡೂ ಕಡೆ ಇತ್ತು.

ಒಂಬತ್ತೂವರೆಯ ಬಸ್ಸು ಹತ್ತಿ ಯಳಂದೂರಿಗೆ ಬಂದೆವು. ಅಲ್ಲಿ ಬಳೆ ಮಂಟಪ ನೋಡುವಂಥದ್ದು. ಒಂದೇ ಕಲ್ಲಿನಲ್ಲಿ ಕಡೆದ ಬಳೆಗಳು ಒಂದರೊಳಗೊಂದು ಕೋದುಕೊಂಡು ತೂಗುತ್ತವೆ. ಅವನು ಕತ್ತೆತ್ತಿ ನೋಡಿದ್ದೇ ನೋಡಿದ್ದು. ನಾನು ಮೇಷ್ಟರ ಗತ್ತಿನಲ್ಲಿ, ಐವತ್ತಾರಕ್ಕಿಂತ ಮುಂಚೆ ಯಳಂದೂರು ಮೈಸೂರಿನದು, ಕೊಳ್ಳೇಗಾಲ ಮದರಾಸಿನದು, ಈ ಹತ್ತು ಮೈಲಿಗೆ ನಾವು ರಾಜ್ಯ ದಾಟಬೇಕಿತ್ತು ಎಂದು ವಿವರಿಸಿದೆ. "ಹಂಗಾದ್ರೆ ನೀನು ಮೊದಲಿಂದಲೂ ಪರದೇಶಿಯೇ" ಎಂದು ನನ್ನ ಬೆನ್ನಿಗೆ ಗುದ್ದಿದ.

ಊರಿನ ಪಕ್ಕದಲ್ಲೇ ಹೊನ್ನುಹೊಳೆ. ಬೇಸಗೆಯಲ್ಲಿ ದನ ದಾಟುವಷ್ಟು ನೀರು. ಆ ಕಾರ್ತಿಕದಲ್ಲಿ ಬೆಟ್ಟದ ಮೇಲೆ ಮಳೆ ಬಿದ್ದು ಹೊಳೆ ಕೆಂಪಗೆ ಸೊಂಟದ ಮೇಲಕ್ಕೆ ಹರಿಯುತ್ತಿತ್ತು. ಜನವಿಲ್ಲದ ಕಡೆ ಒಂದು ಚಪ್ಪಟೆ ಬಂಡೆ ನೋಡಿ ಗಂಟನ್ನಿಟ್ಟೆವು. ಮೊದಲು ಸ್ನಾನ, ಆಮೇಲೆ ಊಟ. ನಾನು ಈಜು ಬಲ್ಲವನು. ಅವನಿಗೆ ನಲ್ಲಿ ನೀರು ಬಿಟ್ಟರೆ ಬೇರೆ ನೀರು ಗೊತ್ತಿಲ್ಲ. "ದಂಡೆಯಲ್ಲೇ ಕೂತು ಮೊಗೆದುಕೊಳ್ಳೋ" ಎಂದಿದ್ದೆ. ಅವನು ನನ್ನ ಹತ್ತಿರ ಬರಲು ಎರಡು ಹೆಜ್ಜೆ ಮುಂದಿಟ್ಟ, ಪಾಚಿಯ ಮೇಲೆ ಕಾಲು ಜಾರಿತು, ಮಡುವಿಗೆ ಹೋದ.

ಕೂಗಿಕೊಳ್ಳಲೂ ಅವನಿಗೆ ಪುರಸೊತ್ತಾಗಲಿಲ್ಲ. ನಾನು ಮುಳುಗಿ ಅವನ ತೋಳು ಹಿಡಿದೆ. ಮುಳುಗುವವನ ಬಲ ಎಷ್ಟೆಂದು ಹಿಡಿಸಿಕೊಂಡವನಿಗೇ ಗೊತ್ತು. ಅವನು ನನ್ನ ಕೊರಳು, ಭುಜ, ಕೂದಲು, ಕೈಗೆ ಸಿಕ್ಕಿದ್ದನ್ನೆಲ್ಲ ಹಿಡಿದು ಎಳೆದ. ಇಬ್ಬರೂ ಎರಡು ಸಲ ಒಳಗೆ ಹೋದೆವು. ಕೊನೆಗೆ ನನ್ನ ಕಾಲಿಗೆ ಬಂಡೆ ಸಿಕ್ಕಿ ಅವನನ್ನು ದಂಡೆಗೆ ತಳ್ಳಿದೆ. ಅವನು ಬೋರಲು ಬಿದ್ದು ನೀರು ಕಕ್ಕಿದ. ಆಮೇಲೆ ಅಂಗಾತ ಮಲಗಿ ಆಕಾಶ ನೋಡುತ್ತಾ ನಗತೊಡಗಿದ. "ಉಕ್ಕಿನ ಕಾರ್ಖಾನೆಗೆ ಒಬ್ಬ ಕಡಿಮೆ ಆಗ್ತಿದ್ದ" ಎಂದ. ನಾನೂ ನಕ್ಕೆ.

ಪಂಚೆಯಿಂದ ಮೈ ಒರೆಸಿಕೊಳ್ಳುವಾಗ ಎದೆಯ ಮೇಲೆ ಕೈ ಹೋಯಿತು. ಏನೂ ಇರಲಿಲ್ಲ.

ಮತ್ತೆ ಮುಟ್ಟಿ ನೋಡಿಕೊಂಡೆ. ಬೆನ್ನಿಗೆ ಜಾರಿರಬೇಕೆಂದು ಹಿಂದೆ ತಡಕಾಡಿದೆ. ಕತ್ತಿನ ಸುತ್ತ ದಾರ ಕೊಯ್ದ ಗೀರು ಉರಿಯುತ್ತಿತ್ತು, ದಾರ ಇರಲಿಲ್ಲ. "ಇನ್ನೊಂದು ಮುಳುಗು ಹಾಕಿ ಬರ್ತೀನಿ" ಎಂದು ಅವನಿಗೆ ಹೇಳಿ ಮಡುವಿಗೆ ಇಳಿದೆ. ಒಂದು ಮುಳುಗಲ್ಲ, ಇಪ್ಪತ್ತು ಹಾಕಿದೆ. ಕೆಸರು ನೀರಿನಲ್ಲಿ ಕಣ್ಣು ಬಿಟ್ಟರೆ ಕೆಂಪು, ಮುಚ್ಚಿದರೆ ಕಪ್ಪು. ತಳದ ಮರಳನ್ನು ಎರಡೂ ಕೈಯಲ್ಲಿ ಬಾಚಿ ಬಾಚಿ ನೋಡಿದೆ. ಕಲ್ಲು ಬಂತು, ಬೇರು ಬಂತು. ದಂಡೆಯ ಮೇಲಿಂದ ಅವನು, "ಸಾಕು ಬಾರೋ, ಹೊಟ್ಟೆ ಹಸಿದು ಸಾಯ್ತಿದ್ದೀನಿ. ನೀರಲ್ಲಿ ಉಳಿಸಿ ಬಂಡೆ ಮೇಲೆ ಸಾಯಿಸ್ತೀಯಾ?" ಎಂದು ಕೂಗುತ್ತಿದ್ದ.

ಮೇಲೆ ಬಂದಾಗ ಅವನು ಎಲೆ ಹಾಸಿದ್ದ. ಚಿತ್ರಾನ್ನವನ್ನು ಎರಡು ಪಾಲು ಮಾಡಿ, ಒಂದನ್ನು ತನ್ನ ಕಡೆಗೂ ಇನ್ನೊಂದನ್ನು ನನ್ನ ಕಡೆಗೂ ಒಟ್ಟಿದ್ದ. ಎರಡು ಪಾಲಿನ ನಡುವೆ ಕಜ್ಜಾಯಗಳನ್ನು ಸಾಲಾಗಿ ಇಟ್ಟಿದ್ದ. ನನಗಾಗಿ ಕಾದು ಕೂತಿದ್ದ. ನಾನು ಬೇಗಬೇಗ ಅಂಗಿ ಹಾಕಿಕೊಂಡು ಕುತ್ತಿಗೆಯವರೆಗೆ ಗುಂಡಿ ಹಾಕಿದೆ.

ಎದುರಿಗೆ ಕೂತೆ. ಕೈ ಅನ್ನದ ಹತ್ತಿರ ಹೋಯಿತು. ಅಲ್ಲೇ ನಿಂತಿತು.

ಆ ಗಳಿಗೆಯನ್ನು ನಾನು ಎಷ್ಟು ಸಲ ನೆನೆದಿದ್ದೇನೋ. 'ಇದೊಂದು ಕಲ್ಲು' ಎಂದು ಕಾಲೇಜಿನ ತುಂಬ ಡಂಗುರ ಹೊಡೆದವನು ನಾನೇ. ಆ ಕಲ್ಲು ಹೊಳೆಗೆ ಹೋದಮೇಲೆ ಒಂದು ತುತ್ತು ಬಾಯಿಗೆತ್ತಲು ನನ್ನಿಂದ ಆಗಲಿಲ್ಲ. ಯಾರೂ ನೋಡುತ್ತಿರಲಿಲ್ಲ. ಅವ್ವ ಹದಿನೈದು ಮೈಲಿ ಆಚೆ ಇದ್ದಳು. ಲಿಂಗವಿಲ್ಲದವರ ಎದುರು ಉಣ್ಣಬಾರದೆಂಬ ಪದ್ಧತಿಯೂ ಅಲ್ಲಿ ಉಳಿದಿರಲಿಲ್ಲ; ಅವನ ಕೊರಳಲ್ಲೂ ಇಲ್ಲ, ಈಗ ನನ್ನ ಕೊರಳಲ್ಲೂ ಇಲ್ಲ. ಆ ಲೆಕ್ಕದಲ್ಲಿ ನಾವಿಬ್ಬರೂ ಸರಿಸಮವಾಗಿ ಕೂತದ್ದು ಅದೊಂದೇ ಸಲ. ಆದರೂ ಉಂಡರೆ ಏನೋ ಆಗಿಬಿಡುತ್ತದೆಂಬ ಭಯ, ತೀರಾ ಚಿಕ್ಕ ಮಗುವಿನ ಭಯ.

ಹೇಳಿಬಿಡಬಹುದಿತ್ತು. ಹೇಳಿದರೆ, ಎಳೆದದ್ದು ತಾನು ಎಂದು ಅವನು ನೊಂದುಕೊಳ್ಳುತ್ತಾನೆ, ಹೊರಡುವ ದಿನ ಅವನ ತಲೆಗೆ ಯಾಕೆ ಈ ಭಾರ ಎಂದು ನನಗೆ ನಾನೇ ಹೇಳಿಕೊಂಡೆ. ಕೇಳಲು ಚೆನ್ನಾಗಿರುವ ಕಾರಣ ಅದು. ನಿಜವಾದ ಕಾರಣ ಬೇರೆ. ನಾನು ಅಂಥ ಧೈರ್ಯಸ್ಥನಲ್ಲ, ನಾನೂ ನಮ್ಮವ್ವನ ಹಾಗೆಯೇ ನಂಬುವವನು ಎಂದು ಅವನಿಗೆ ಗೊತ್ತಾಗುತ್ತದಲ್ಲ, ಅದು ನನಗೆ ಬೇಕಿರಲಿಲ್ಲ.

"ನನಗೆ ಹಸಿವಿಲ್ಲ. ನೀನು ಉಣ್ಣು" ಎಂದೆ.

ಅವನು ನಕ್ಕ. "ತಮಾಷೆ ಸಾಕು, ತಿನ್ನೋ."

"ಹೊಟ್ಟೆ ಸರಿಯಿಲ್ಲ."

"ಈಗ ತಾನೆ ಎಮ್ಮೆ ಹಾಗೆ ಈಜಾಡಿದೆ. ಏನಾಯ್ತು ಹೊಟ್ಟೆಗೆ? ಒಂದು ತುತ್ತು ತಿನ್ನು. ಅಮ್ಮ ನಮ್ಮಿಬ್ಬರಿಗೂ ಅಂತ ಕಟ್ಟಿದ್ದಾರೆ." ಒಂದು ಕಜ್ಜಾಯ ಮುರಿದು ಅರ್ಧವನ್ನು ನನ್ನ ಬಾಯಿಯ ಹತ್ತಿರ ಹಿಡಿದ.

ನಾನು ಮುಖ ತಿರುಗಿಸಿದೆ. ನನಗೆ ಸಿಟ್ಟು ಮೂಗಿನ ತುದಿಯಲ್ಲಿ. ಭಯವಾದಾಗಲಂತೂ ಮೊದಲು ಬರುವುದೇ ಅದು. "ಎಷ್ಟು ಸಲ ಹೇಳಬೇಕೋ ನಿನಗೆ? ಬೇಡ ಅಂದ್ರೆ ಬೇಡ! ನೀನು ತಿನ್ನೋದಾದ್ರೆ ತಿನ್ನು" ಎಂದು ಕಿರುಚಿಬಿಟ್ಟೆ.

ಅವನ ಕೈ ಮೆಲ್ಲಗೆ ಕೆಳಗಿಳಿಯಿತು. ಕಜ್ಜಾಯದ ತುಂಡನ್ನು ಎಲೆಯ ಮೇಲಿಟ್ಟ. ತನ್ನ ಪಾಲನ್ನು ತಲೆ ತಗ್ಗಿಸಿಕೊಂಡು ಉಂಡ. ನನ್ನ ಪಾಲು ನನ್ನ ಎದುರಿಗೇ ಇತ್ತು, ನೊಣ ಬರತೊಡಗಿದವು. ಉಂಡಾದ ಮೇಲೆ ಎಲೆಯನ್ನು ಮಡಚಿ, ಎದ್ದು, ದೂರ ಹೋಗಿ ಒಂದು ಪೊದೆಯ ಹಿಂದೆ ಹಾಕಿ ಬಂದ. ನಮ್ಮ ಮನೆಯಲ್ಲಿ ಐದು ದಿನ ಹೇಗೆ ಹಾಕಿದ್ದನೋ ಹಾಗೆಯೇ. ನಾನು ನೋಡುತ್ತಾ ಕೂತಿದ್ದೆ. ಬಿಸಿ ತುಪ್ಪ ಬಾಯಿಗೆ ಹಾಕಿಕೊಂಡವನ ಪಾಡು, ನುಂಗಲೂ ಆಗದು ಉಗುಳಲೂ ಆಗದು.

ಕೊಳ್ಳೇಗಾಲಕ್ಕೆ ವಾಪಸು ಬರುವಾಗ ಬಸ್ಸಿನಲ್ಲಿ ಪಕ್ಕಪಕ್ಕ ಕೂತಿದ್ದೆವು. ಅವನು ಕಿಟಕಿಯಾಚೆ ನೋಡುತ್ತಿದ್ದ. ನನ್ನ ಬಾಯಿ ಒಣಗಿ ನಾಲಗೆ ಅಂಗುಳಿಗೆ ಅಂಟುತ್ತಿತ್ತು. ಬಿಸಿಲು ಜೋರಾಗಿತ್ತು. ಈಗ ಹೇಳುತ್ತೇನೆ, ಆ ಮರ ದಾಟಿದ ಮೇಲೆ ಹೇಳುತ್ತೇನೆ, ಆ ಸೇತುವೆ ಬಂದಾಗ ಹೇಳುತ್ತೇನೆ ಎಂದುಕೊಳ್ಳುತ್ತಲೇ ಊರು ಬಂತು.

ಸತ್ಯಮಂಗಲದ ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆ ಇತ್ತು. ಅವನು ಬಸ್ ಸ್ಟ್ಯಾಂಡಿನ ಎದುರಿನ ಹೋಟೆಲಿಗೆ ನಡೆದ, ನಾನು ಹಿಂದೆ ಹೋದೆ. ಕೇಳದೆಯೇ ಎರಡು ಕಾಫಿ ಹೇಳಿದ. ಕಾಲೇಜಿನಲ್ಲಿ ಒಂದು ಕಾಫಿಯನ್ನು ಎರಡು ಲೋಟಕ್ಕೆ ಹಾಕಿಸಿಕೊಂಡು ಕುಡಿದವರು ನಾವು. ನನ್ನ ಮುಂದಿನ ಲೋಟದಿಂದ ಹಬೆ ಏಳುತ್ತಿತ್ತು. ಅದರ ವಾಸನೆಗೆ ಕಣ್ಣಲ್ಲಿ ನೀರು ಬಂತು. ನಾನು ಮುಟ್ಟಲಿಲ್ಲ.

ಅವನು ತನ್ನದನ್ನು ಮುಗಿಸಿದ. ನನ್ನ ಲೋಟವನ್ನು ನೋಡಿದ. ಅದನ್ನೂ ತನ್ನ ಕಡೆಗೆ ಎಳೆದುಕೊಂಡು, ಒಂದೇ ಸಲಕ್ಕೆ ಕುಡಿದು, ಕೆಳಗಿಟ್ಟ.

"ಐದು ದಿನ ಜಗಲಿ ಮೇಲೆ ಕೂತಿದ್ದೆ. ನಿನ್ನ ಅಮ್ಮನಿಗೋಸ್ಕರ ಅಂದ್ಕೊಂಡು ಕೂತಿದ್ದೆ" ಎಂದ. ದನಿ ಏರಿಸಲಿಲ್ಲ. "ಇವತ್ತು ಅಮ್ಮ ಇರಲಿಲ್ಲವಲ್ಲೋ."

ನಾನು ಅಂಗಿಯ ಮೇಲಿನ ಗುಂಡಿಯನ್ನು ಮುಟ್ಟಿಕೊಂಡೆ.

"ಸಾಯೋದಕ್ಕೂ ಬಿಡಲಿಲ್ಲ, ಜೊತೆಗೆ ಉಣ್ಣೋದಕ್ಕೂ ಬಿಡಲಿಲ್ಲ" ಎಂದು ಎದ್ದ. "ಹಂಗಾದ್ರೆ ಬೆಳಿಗ್ಗೆ ಬಸ್ಸಲ್ಲಿ ಆ ಮಾತು ಯಾಕೆ ಹೇಳಿದೆ? ಹೇಳದೇ ಇದ್ದಿದ್ರೆ ನಾನು ಕಾಯ್ತಿರಲಿಲ್ಲ."

ಬಸ್ಸು ಬಂತು. ಅವನ ಟ್ರಂಕನ್ನು ಮೇಲಕ್ಕೆ ಹಾಕಿಸಿದೆ. ಸೀಟು ಸಿಕ್ಕಿತೋ ಎಂದು ಕೇಳಿದೆ, ಸಿಕ್ಕಿತು ಎಂದ. ತಾಯಿಗೆ ನಮಸ್ಕಾರ ಹೇಳು ಎಂದೆ, ಹೇಳ್ತೀನಿ ಎಂದ. ಬಸ್ಸು ಹೊರಟಾಗ ಕೈ ಬೀಸಿದ. ಬೀಸದೇ ಇದ್ದಿದ್ದರೆ ಚೆನ್ನಾಗಿತ್ತು ಎನಿಸಿತು.

ದೀಪ ಹಚ್ಚುವ ಹೊತ್ತಿಗೆ ಮನೆ ಸೇರಿದೆ. ಅವ್ವ ಹೊಸಿಲಲ್ಲೇ ಕಾಯುತ್ತಿದ್ದಳು. "ಯಾಕ್ಲಾ ಮೊಕ ಇಂಗ್ ಬತ್ತೋಗದೆ?" ನಾನು ಅಂಗಿಯ ಗುಂಡಿ ಬಿಚ್ಚಿ ತೋರಿಸಿದೆ. ಅವಳು, "ಸಿವನೇ" ಎಂದು ಅಲ್ಲೇ ಕುಸಿದು ಕೂತಳು. ಕೂತಲ್ಲಿಂದಲೇ, "ಬಾಯ್ಗೇನಾರ ಆಕಂಡ್ಯಾ?" ಎಂದಳು. ಇಲ್ಲವೆಂದೆ. "ನೀರು?" ಅದೂ ಇಲ್ಲವೆಂದೆ. ಅವಳಿಗೆ ಉಸಿರು ಬಂತು. ಹೊಳೆಯಲ್ಲಿ ಆದದ್ದನ್ನೆಲ್ಲ ಹೇಳಿದೆ. ಗೆಳೆಯನ ಜೀವ ಉಳಿಯಿತೆಂದು ಕೇಳಿ ಕೈ ಮುಗಿದಳು. ಬೆಳಿಗ್ಗೆಯೇ ಮಠಕ್ಕೆ ಹೋಗಿ ಕಟ್ಟಿಸಿಕೊಂಡು ಬಾ ಎಂದಳು.

ಆಮೇಲೆ ಕೇಳಿದಳು: "ಬುತ್ತಿ?"

"ಅಂವೊಬ್ನೇ ಉಂಡ."

"ಇಂಗಾಯ್ತು, ಅದ್ಕೇ ಉಣ್ಣಾಕಾಗಲ್ಲ ಅಂತ ಅವನ್ಗೆ ಏಳ್ದೆ ತಾನೆ?"

ನಾನು ಬುತ್ತಿ ಕಟ್ಟಿದ್ದ ಬಟ್ಟೆಯನ್ನು ಮಡಚತೊಡಗಿದೆ.

"ಏಳ್ನಿಲ್ವಾ?" ಅವ್ವ ನನ್ನ ಮುಖವನ್ನೇ ನೋಡಿದಳು. ಲಿಂಗ ಹೋಯಿತೆಂದು ಕೇಳಿದಾಗಲೂ ಅವಳ ಮುಖ ಅಷ್ಟು ಸಣ್ಣದಾಗಿರಲಿಲ್ಲ. "ಮನೇಲಿ ಅವನ್ನ ಜಗಲಿ ಮ್ಯಾಲೆ ಕೂರ್ಸ್ದೋಳು ನಾನು. ಅಲ್ಲೂ ಕೂರ್ಸ್ಬುಟ್ಯಲ್ಲೋ ನೀನು."

ಮಾರನೆಯ ಬೆಳಿಗ್ಗೆ ಮಠಕ್ಕೆ ಹೋದೆ. ದಾರಿಯುದ್ದಕ್ಕೂ ಏನು ಬೈಗುಳ ಕಾದಿದೆಯೋ, ಎಂಥ ಪ್ರಾಯಶ್ಚಿತ್ತ ಹೇಳುತ್ತಾರೋ ಎಂದು ಹೆದರಿದ್ದೆ. ಸ್ವಾಮಿಗಳು ಮುದುಕರು, ಕಣ್ಣು ಮಂಜಾಗಿತ್ತು. "ಒಳೇಲಿ ಒಬ್ಬನ್ನ ಎಳೆಯೋವಾಗ ಓಯ್ತು ಬುದ್ಧಿ" ಎಂದೆ. "ಅವನು ಉಳಿದನೋ?" ಎಂದರು. ಉಳಿದ ಎಂದೆ. "ಸರಿ ಮತ್ತೆ" ಎಂದು ವಿಭೂತಿ ಹಚ್ಚಿ, ಮಂತ್ರ ಹೇಳಿ, ಹೊಸ ದಾರದಲ್ಲಿ ಕಟ್ಟಿದರು. ಎಲ್ಲ ಕಾಲು ಗಂಟೆಯೊಳಗೆ ಮುಗಿಯಿತು. ಮಠದಲ್ಲಿ ಪ್ರಸಾದಕ್ಕೆ ಕರೆದರು. ಗುರುತು ಪರಿಚಯವಿಲ್ಲದ ಜನರ ಪಂಕ್ತಿಯಲ್ಲಿ ಕೂತು ಮೂರು ಸಲ ಅನ್ನ ಹಾಕಿಸಿಕೊಂಡು ಉಂಡೆ. ಅಷ್ಟು ರುಚಿಯಾದ ಊಟವನ್ನು ನಾನು ಉಂಡಿರಲಿಲ್ಲ. ಅದಕ್ಕೇ ಇನ್ನೂ ಅವಮಾನವಾಯಿತು.

ಅಂದೇ ಅವನಿಗೆ ಕಾಗದ ಬರೆಯಲು ಕೂತೆ. ನಾಲ್ಕು ಪುಟ ಬರೆದು ಹರಿದೆ. ಅದರಲ್ಲಿ ನಾನು ಬಹಳ ಒಳ್ಳೆಯವನಾಗಿ ಕಾಣುತ್ತಿದ್ದೆ. ಎರಡನೆಯದನ್ನೂ ಹರಿದೆ. ಕೊನೆಗೆ, ಹೊಳೆಯಲ್ಲಿ ಲಿಂಗ ಹೋದದ್ದು, ನಾನು ಹೆದರಿದ್ದು, ಹೆದರಿದೆನೆಂದು ಹೇಳಲು ನಾಚಿದ್ದು, ಇಷ್ಟನ್ನೇ ಒಂದು ಪುಟದಲ್ಲಿ ಬರೆದು ಗಿರಣಿ ಮನೆಯ ವಿಳಾಸಕ್ಕೆ ಹಾಕಿದೆ. ಅಷ್ಟರಲ್ಲಿ ಅವನು ಉತ್ತರಕ್ಕೆ ಹೊರಟುಹೋಗಿದ್ದ. ಮನೆಯವರು ಅಲ್ಲಿಗೆ ಕಳಿಸಿದರು.

ದಿನಾ ಶಾಲೆಯಿಂದ ಬಂದು ಕಾಗದ ಬಂತಾ ಎಂದು ನಾನು ಕೇಳುವ ಮೊದಲೇ ಅವ್ವ "ಇಲ್ಲ" ಎನ್ನುತ್ತಿದ್ದಳು. ಎರಡು ತಿಂಗಳ ಮೇಲೆ ಬಂತು. ಮೂರು ಪುಟ. ಅಲ್ಲಿನ ಚಳಿ, ಅನ್ನ ಸಿಗದ ಊಟ, ಬಾರದ ಹಿಂದಿ, ಕುಲುಮೆಯ ಕಾವು, ಇವೇ ತುಂಬಿದ್ದವು. ಬೈಗುಳವಿರಲಿಲ್ಲ. ಪರದೇಶಿ ಎನ್ನುವ ತಮಾಷೆಯೂ ಇರಲಿಲ್ಲ. ಮತ್ತೆ ನಿಮ್ಮೂರಿಗೆ ಬರುತ್ತೇನೆ ಎಂದು ಎಲ್ಲೂ ಬರೆದಿರಲಿಲ್ಲ. ಹೊಳೆಯ ಮಾತು ಬಂದದ್ದು ಕೊನೆಯ ಎರಡು ಸಾಲಿನಲ್ಲಿ ಮಾತ್ರ.

"ಆ ಬಂಡೆಯ ಮೇಲೆಯೇ ಹೇಳಿದ್ದರೆ ನಾನೂ ಆ ಅನ್ನವನ್ನು ಮುಟ್ಟುತ್ತಿರಲಿಲ್ಲ. ಇಬ್ಬರೂ ಹಸಿದುಕೊಂಡೇ ಬಸ್ಸು ಹತ್ತುತ್ತಿದ್ದೆವು."

ಅವನು ಹಾಗೆಯೇ ಮಾಡುತ್ತಿದ್ದ. ಅದು ನನಗೆ ಆ ಬಂಡೆಯ ಮೇಲೂ ಗೊತ್ತಿತ್ತು.